ಎಂಬತ್ತು ಕಿಲೋಮೀಟರಿಗೆ ಇಪ್ಪತ್ತು ಡಿಬಿ: ನನ್ನ ಎಂ.ಟೆಕ್ ಪ್ರಾಜೆಕ್ಟ್ ಮುಗಿದ ಬಗೆ

ಹೋದ ಗುರುವಾರ ಮಧ್ಯಾಹ್ನ ನನ್ನ ಎಂ.ಟೆಕ್ ವೈವಾ ಮುಗಿಯಿತು. ತುಮಕೂರು ಬಸ್‌ಸ್ಟ್ಯಾಂಡಿನಲ್ಲಿ ಗುಬ್ಬಿ ಬಸ್ಸಿಗೆ ಕಾಯುತ್ತಾ ನಿಂತಿದ್ದಾಗ ಕಣ್ಣು ತುಂಬಿ ಬಂತು. ಎರಡು ಸೆಮಿಸ್ಟರಿನಲ್ಲಿ ಮುಗಿಯಬೇಕಿದ್ದ ಪ್ರಾಜೆಕ್ಟು ಹದಿನಾರು ತಿಂಗಳು ಎಳೆದಿತ್ತು. ಅದರಲ್ಲಿ ಕಡಿಮೆಯೆಂದರೂ ಆರು ತಿಂಗಳು, ಯಾರಾದರೂ ಮೊದಲೇ ಒಂದು ಮಾತು ಹೇಳಿದ್ದರೆ ಉಳಿಯುತ್ತಿತ್ತು. ಹೇಳುವವರು ಇರಲಿಲ್ಲ, ನಮ್ಮ ಕಾಲೇಜಿನಲ್ಲಿ ನನಗಿಂತ ಮುಂಚೆ ಈ ವಿಷಯ ಹಿಡಿದವರೇ ಇಲ್ಲ. ಈಗ ಇಬ್ಬರು ಜೂನಿಯರ್‌ಗಳು ಇದೇ ದಾರಿಗೆ ಬರುತ್ತಿದ್ದಾರೆ. ಫೋನಿನಲ್ಲಿ ತುಂಡು ತುಂಡಾಗಿ ಹೇಳುವ ಬದಲು ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತಿದ್ದೇನೆ.

ವಿಷಯ, ದೂರದ ಆಪ್ಟಿಕಲ್ ಫೈಬರ್ ಸಂಪರ್ಕದ ಮಾಡ್ಯುಲೇಶನ್. ಬೆಳಕಿನ ಮೇಲೆ ಮಾಹಿತಿಯನ್ನು ಹೇಗೆ ಕೂರಿಸಿದರೆ ಅದು ನೂರಾರು ಕಿಲೋಮೀಟರ್ ಆಚೆ ಕೆಡದೆ ಇಳಿಯುತ್ತದೆ ಎನ್ನುವುದು.

ಆಗಸ್ಟಿನಲ್ಲಿ ನಾನು ಕೊಟ್ಟ ಶೀರ್ಷಿಕೆ ‘ದೂರ ಸಂಪರ್ಕಕ್ಕೆ ವಿವಿಧ ಮಾಡ್ಯುಲೇಶನ್ ವಿಧಾನಗಳ ತೌಲನಿಕ ಅಧ್ಯಯನ’. ಗೈಡ್ ಒಂದೇ ನೋಟಕ್ಕೆ ಸಹಿ ಹಾಕಿದರು. ಅಷ್ಟು ಸಲೀಸಾಗಿ ಒಪ್ಪಿಗೆ ಸಿಕ್ಕಿದ್ದೇ ಮುಳುವಾಯಿತು. ಅಕ್ಟೋಬರಿನ ಮೊದಲ ರಿವ್ಯೂನಲ್ಲಿ ಹತ್ತೊಂಬತ್ತು ಸ್ಲೈಡ್ ತೋರಿಸಿದೆ. ಏಳು ಮಾಡ್ಯುಲೇಶನ್, ಪ್ರತಿಯೊಂದಕ್ಕೂ ಒಂದು ಚಿತ್ರ, ಒಂದು ಸೂತ್ರ. ಸಮಿತಿಯಲ್ಲಿದ್ದ ಹಿರಿಯ ಮೇಡಂ ಕೊನೆವರೆಗೂ ಕೇಳಿ, “ಎಷ್ಟು ದೂರಕ್ಕಮ್ಮ?” ಅಂದರು. ನಾನು ಸುಮ್ಮನೆ ನಿಂತೆ. “ದೂರ ಹೇಳದೆ ಯಾವುದು ಒಳ್ಳೇದು ಅಂತ ಹೇಗೆ ಹೇಳ್ತೀಯ?” ಎಂದು ಹಾಳೆ ವಾಪಸು ಕೊಟ್ಟರು.

ಆ ರಾತ್ರಿ ಊಟ ಸೇರಲಿಲ್ಲ. ಆದರೆ ಈಗ ನೋಡಿದರೆ, ಇಡೀ ಪ್ರಾಜೆಕ್ಟಿನಲ್ಲಿ ನನಗೆ ಸಿಕ್ಕ ಅತ್ಯಂತ ಬೆಲೆಯ ಮಾತು ಅದೇ. ಆ ಒಂದು ಪ್ರಶ್ನೆ ಹಿಡಿದು ಓದಲು ಕೂತ ಮೇಲೆಯೇ ವಿಷಯ ಬಿಚ್ಚಿಕೊಂಡಿತು.

ಹಳೆಯ ವಿಧಾನ ಆನ್-ಆಫ್ ಕೀಯಿಂಗ್. ಬೆಳಕಿದ್ದರೆ 1, ಇಲ್ಲದಿದ್ದರೆ 0. ಸೆಕೆಂಡಿಗೆ 10 ಗಿಗಾಬಿಟ್ ಕಳಿಸುವಾಗ ಒಂದು ಬಿಟ್‌ಗೆ ಸಿಗುವ ಸಮಯ 100 ಪಿಕೊಸೆಕೆಂಡ್. ಫೈಬರಿನೊಳಗೆ ಬೇರೆ ಬೇರೆ ತರಂಗಾಂತರದ ಬೆಳಕು ಬೇರೆ ಬೇರೆ ವೇಗದಲ್ಲಿ ಓಡುತ್ತದೆ. ಸಾಮಾನ್ಯ ಸಿಂಗಲ್ ಮೋಡ್ ಫೈಬರಿನಲ್ಲಿ, 1550 ನ್ಯಾನೋಮೀಟರ್ ಬಳಿ, ಈ ಹರಡುವಿಕೆ ಒಂದು ನ್ಯಾನೋಮೀಟರ್ ಅಗಲದ ಸಿಗ್ನಲಿಗೆ ಕಿಲೋಮೀಟರಿಗೆ ಸುಮಾರು 17 ಪಿಕೊಸೆಕೆಂಡ್. ಇದೇ ಡಿಸ್ಪರ್ಷನ್. ಏನೂ ಸರಿಪಡಿಸದೆ ಬಿಟ್ಟರೆ 10 ಗಿಗಾಬಿಟ್ ಸಿಗ್ನಲ್ 60 ಕಿಲೋಮೀಟರ್ ಆಸುಪಾಸಿನಲ್ಲಿ ಒಂದರೊಳಗೊಂದು ಕಲಸಿಹೋಗುತ್ತದೆ. ತುಮಕೂರಿನಿಂದ ಹೊರಟದ್ದು ಬೆಂಗಳೂರಿನ ಅಂಚು ಮುಟ್ಟುವಷ್ಟರಲ್ಲಿ. ವೇಗವನ್ನು ನಾಲ್ಕು ಪಟ್ಟು ಏರಿಸಿ 40 ಗಿಗಾಬಿಟ್ ಮಾಡಿದರೆ ದೂರ ಕಾಲು ಭಾಗವಾಗುತ್ತದೆ ಎಂದುಕೊಂಡಿದ್ದೆ. ಹಾಗಲ್ಲ, ಹದಿನಾರನೇ ಒಂದು ಭಾಗವಾಗುತ್ತದೆ. ಬಿಟ್ ನಾಲ್ಕು ಪಟ್ಟು ಕಿರಿದಾಗುವ ಜೊತೆಗೆ ಸಿಗ್ನಲಿನ ತರಂಗಾಂತರದ ಅಗಲವೂ ನಾಲ್ಕು ಪಟ್ಟು ಹಿಗ್ಗುತ್ತದಲ್ಲ. ಆಗ ತುಮಕೂರಿನ ಪಕ್ಕದ ಕ್ಯಾತ್ಸಂದ್ರ ಮುಟ್ಟುವುದೂ ಕಷ್ಟ.

ಅದಕ್ಕೇ ದೂರದ ದಾರಿಯಲ್ಲಿ ಬೆಳಕಿನ ಇರುವಿಕೆಯನ್ನಷ್ಟೇ ನಂಬದೆ ಅದರ ಫೇಸನ್ನೂ, ಅಂದರೆ ಅಲೆ ತನ್ನ ಏರಿಳಿತದ ಯಾವ ಹಂತದಲ್ಲಿದೆ ಎನ್ನುವುದನ್ನೂ, ಬಳಸುತ್ತಾರೆ. ಕ್ಯೂಪಿಎಸ್‌ಕೆಯಲ್ಲಿ ನಾಲ್ಕು ಫೇಸ್. ಒಂದು ಸಿಂಬಲ್, ಅಂದರೆ ಒಂದು ಸಲಕ್ಕೆ ಕಳಿಸುವ ಸಂಕೇತ, ಎರಡು ಬಿಟ್ ಹೊರುತ್ತದೆ. ಬೆಳಕಿನ ಎರಡು ಧ್ರುವೀಕರಣಗಳ (ಅಲೆ ಕಂಪಿಸುವ, ಒಂದಕ್ಕೊಂದು ಲಂಬವಾದ ಎರಡು ದಿಕ್ಕು) ಮೇಲೂ ಬೇರೆ ಬೇರೆ ಮಾಹಿತಿ ಕೂರಿಸಿದರೆ ನಾಲ್ಕು ಬಿಟ್. ಸೆಕೆಂಡಿಗೆ 28 ಗಿಗಾ ಸಿಂಬಲ್ ಕಳಿಸಿದರೆ 112 ಗಿಗಾಬಿಟ್. ತಪ್ಪು ತಿದ್ದುವ ಹೆಚ್ಚುವರಿ ಬಿಟ್‌ಗಳನ್ನು ಕಳೆದರೆ ಬಳಕೆಗೆ 100 ಗಿಗಾಬಿಟ್. 16-ಕ್ಯೂಎಎಂನಲ್ಲಿ ಫೇಸಿನ ಜೊತೆ ಬೆಳಕಿನ ಬಲವೂ ಬದಲಾಗುತ್ತದೆ. ಸಿಂಬಲ್ಲಿಗೊಂದು ಚುಕ್ಕಿ ಇಟ್ಟರೆ ನಾಲ್ಕು ಸಾಲು, ಸಾಲಿಗೆ ನಾಲ್ಕು ಚುಕ್ಕಿ, ನಮ್ಮ ಅಂಗಳದ ಚುಕ್ಕಿ ರಂಗೋಲಿಯ ಹಾಗೆಯೇ. ಅದೇ ಸಿಂಬಲ್ ವೇಗಕ್ಕೆ 200 ಗಿಗಾಬಿಟ್ ಸಿಗುತ್ತದೆ. ಆದರೆ ಚುಕ್ಕಿಗಳು ಹತ್ತಿರ ಹತ್ತಿರ ಬರುವುದರಿಂದ ಅಷ್ಟೇ ತಪ್ಪಿನ ಮಟ್ಟ ಉಳಿಸಿಕೊಳ್ಳಲು ಸಿಗ್ನಲ್ ಸುಮಾರು 6.7 ಡಿಬಿ (ಡೆಸಿಬೆಲ್, ಪಟ್ಟುಗಳನ್ನು ಅಳೆಯುವ ಮಾನ) ಹೆಚ್ಚು ಶುದ್ಧವಾಗಿರಬೇಕು, ಅಂದರೆ ನಾಲ್ಕೂವರೆ ಪಟ್ಟಿಗಿಂತ ಜಾಸ್ತಿ. ದೂರ ಹೆಚ್ಚಿದಂತೆ ದಾರಿಯ ಒಂದೊಂದು ಆಂಪ್ಲಿಫೈಯರ್ ಗದ್ದಲ ಸೇರಿಸುತ್ತಾ ಹೋಗುತ್ತದೆ. ಚುಕ್ಕಿಗಳು ಒದ್ದೆ ನೆಲದ ಮೇಲಿನ ರಂಗೋಲಿ ಪುಡಿಯಂತೆ ಹಬ್ಬುತ್ತವೆ. ಎಲ್ಲಿ ಒಂದು ಚುಕ್ಕಿ ಪಕ್ಕದ ಚುಕ್ಕಿಗೆ ತಾಗುತ್ತದೋ ಅಲ್ಲಿಗೆ ಆ ಮಾಡ್ಯುಲೇಶನ್ನಿನ ದೂರ ಮುಗಿಯಿತು.

ಹಾಗಾಗಿ ಏಳನ್ನು ಬಿಟ್ಟು ಎರಡೇ ಇಟ್ಟುಕೊಂಡೆ, ಒಂದೇ ದೂರ ಇಟ್ಟುಕೊಂಡೆ. ನಮ್ಮೂರ ಪಕ್ಕದಲ್ಲಿ ಹಾದುಹೋಗುವ ಬೆಂಗಳೂರು–ಮುಂಬೈ ಹೆದ್ದಾರಿಯ ಉದ್ದವನ್ನೇ ಅಳತೆಯಾಗಿ ಹಿಡಿದು 80 ಕಿಲೋಮೀಟರಿನ 12 ಸ್ಪ್ಯಾನ್ (ಒಂದು ಆಂಪ್ಲಿಫೈಯರಿನಿಂದ ಇನ್ನೊಂದಕ್ಕಿರುವ ದೂರ), ಒಟ್ಟು 960 ಕಿಲೋಮೀಟರ್. ಪ್ರಶ್ನೆ ಒಂದೇ: ಈ ದಾರಿಯಲ್ಲಿ 16-ಕ್ಯೂಎಎಂ ನಿಲ್ಲುತ್ತದೆಯೇ, ಇಲ್ಲ ಕ್ಯೂಪಿಎಸ್‌ಕೆಗೇ ಇಳಿಯಬೇಕೇ?

ಜೂನಿಯರ್‌ಗಳೇ, ಸಿನಾಪ್ಸಿಸ್ ಕೊಡುವ ಮುಂಚೆಯೇ ಶೀರ್ಷಿಕೆಯಲ್ಲಿ ದೂರ, ವೇಗ, ಯಾವ ಎರಡು ವಿಧಾನ ಎಂದು ಬರೆದುಬಿಡಿ. ಆಮೇಲೆ ಶೀರ್ಷಿಕೆ ಬದಲಿಸಬೇಕೆಂದರೆ ಗೈಡ್, ವಿಭಾಗದ ಮುಖ್ಯಸ್ಥರು, ಸಮಿತಿ, ಪ್ರಾಂಶುಪಾಲರು ಎಂದು ನಾಲ್ಕು ಸಹಿ ಬೇಕು. ಒಬ್ಬರು ರಜೆ, ಒಬ್ಬರು ಪರೀಕ್ಷೆ ಡ್ಯೂಟಿ. ಒಂದು ಹಾಳೆಗೆ ನನಗೆ ಐದು ವಾರ ಹಿಡಿಯಿತು.

ಆ ಐದು ವಾರ ಸುಮ್ಮನೆ ಕೂರಲಿಲ್ಲ. ನಿಜವಾದ ಲಿಂಕಿನ ಅಳತೆ ಸಿಕ್ಕರೆ ಪ್ರಾಜೆಕ್ಟಿಗೆ ತೂಕ ಬರುತ್ತದೆಂದು ಒಂದು ದೂರಸಂಪರ್ಕ ಸಂಸ್ಥೆಗೆ ಕಾಲೇಜಿನ ಲೆಟರ್‌ಹೆಡ್ಡಿನಲ್ಲಿ ಅರ್ಜಿ ಹಾಕಿದೆ. ಮೂರು ಸಲ ಹೋಗಿ ಬಂದೆ. ಏಳು ವಾರದ ನಂತರ, ಭದ್ರತೆಯ ಕಾರಣಕ್ಕೆ ಕೊಡಲಾಗದು ಎಂಬ ಎರಡು ಸಾಲಿನ ಉತ್ತರ ಬಂತು. ಅವರ ಕಾರಣ ನ್ಯಾಯವಾದದ್ದೇ ಇರಬಹುದು; ಆದರೆ ಅದನ್ನು ಮೊದಲ ದಿನವೇ ಹೇಳಬಹುದಿತ್ತು. ಈ ಕಡೆ ಸಿಮ್ಯುಲೇಶನ್ ಸಾಫ್ಟ್‌ವೇರಿನ 30 ದಿನದ ಟ್ರಯಲ್ ಇಳಿಸಿಕೊಂಡು ದೀಪಾವಳಿ ರಜೆಯಲ್ಲಿ ಮೆನು ಕಲಿಯುವುದರಲ್ಲೇ ಕಳೆದೆ. ಕಲಿತು ಮುಗಿಯುವ ಹೊತ್ತಿಗೆ ಲೈಸೆನ್ಸೂ ಮುಗಿಯಿತು, ಅದರಲ್ಲಿ ಮಾಡಿದ ಫೈಲುಗಳೂ ತೆರೆಯದಾದವು. ಬೆಲೆ ವಿಚಾರಿಸಿದರೆ ನಮ್ಮ ಮನೆಗೆ ಆಗುವ ಮಾತಲ್ಲ. ಹಾರ್ಡ್‌ವೇರ್ ಕೇಳಲೇಬೇಡಿ, ಈ ವೇಗದ ಮಾಡ್ಯುಲೇಟರ್ ನಮ್ಮಂಥ ಕಾಲೇಜಿನ ಲ್ಯಾಬಿನಲ್ಲಿ ಕೈಗೆ ಸಿಗುವಂಥದ್ದಲ್ಲ.

ಸಂಕ್ರಾಂತಿ ಹೊತ್ತಿಗೆ ಪೈಥಾನಿನಲ್ಲಿ ನಾನೇ ಬರೆಯುವುದೆಂದು ಗಟ್ಟಿ ಮಾಡಿಕೊಂಡೆ. ಅದು ಉಚಿತ, ಅದರ ಲೈಸೆನ್ಸ್ ಮುಗಿಯುವುದಿಲ್ಲ. ಮುಖ್ಯವಾಗಿ, ಪೆಟ್ಟಿಗೆಯೊಳಗೆ ಏನು ನಡೆಯುತ್ತಿದೆ ಎಂದು ವೈವಾದಲ್ಲಿ ಕೇಳಿದರೆ ಉತ್ತರ ಇರುತ್ತದೆ. ಬರೀ ಅಂದಾಜು ಲೆಕ್ಕ ಸಾಕೆನ್ನುವವರಿಗೆ ಜಿಎನ್‌ಪೈ ಎಂಬ ಮುಕ್ತ ಲೈಬ್ರರಿ ಇದೆ. ನನ್ನ ಉತ್ತರ ತಾಳೆ ನೋಡಿಕೊಳ್ಳಲು ನಾನೂ ಅದನ್ನು ಬಳಸಿದೆ.

ಫೈಬರಿನೊಳಗೆ ಬೆಳಕು ಸಾಗುವುದನ್ನು ಲೆಕ್ಕ ಹಾಕಲು ಸ್ಪ್ಲಿಟ್-ಸ್ಟೆಪ್ ವಿಧಾನ. 80 ಕಿಲೋಮೀಟರನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಕತ್ತರಿಸಿ, ಒಂದು ಹೆಜ್ಜೆಯಲ್ಲಿ ಡಿಸ್ಪರ್ಷನ್ ಮತ್ತು ನಷ್ಟ, ಇನ್ನೊಂದರಲ್ಲಿ ಬೆಳಕಿನ ತೀವ್ರತೆಯಿಂದಲೇ ಹುಟ್ಟುವ ನಾನ್‌ಲೀನಿಯರ್ ಪರಿಣಾಮ, ಹೀಗೆ ಕೊನೆವರೆಗೆ. ಸೂತ್ರ ಒಂದು ಸಾಲಿನದು. ಅದರಲ್ಲಿ ನನಗೆ ಮೂರು ವಾರ ಹೋಯಿತು. ಪ್ರತಿ ಸ್ಪ್ಯಾನಿನ ಕೊನೆಗೆ 16 ಡಿಬಿ ನಷ್ಟ ಬರಬೇಕಾದಲ್ಲಿ 32 ಡಿಬಿ ಬರುತ್ತಿತ್ತು. ಕೋಡನ್ನು ಎಷ್ಟು ಸಲ ಓದಿದರೂ ಸರಿಯಾಗೇ ಕಾಣುತ್ತಿತ್ತು. ಕೊನೆಗೆ ಒಂದು ಬೆಳಗಿನ ಜಾವ ಹಾಸಿಗೆಯಲ್ಲೇ ಹೊಳೆಯಿತು: ಆಲ್ಫಾ ಎನ್ನುವುದು ಶಕ್ತಿಯ ನಷ್ಟ, ನಾನು ಲೆಕ್ಕ ಹಾಕುತ್ತಿರುವುದು ಕ್ಷೇತ್ರವನ್ನು, ಅದರ ವರ್ಗವೇ ಶಕ್ತಿ. ಆಲ್ಫಾವನ್ನು 2ರಿಂದ ಭಾಗಿಸಬೇಕಿತ್ತು. ಎದ್ದು ಲ್ಯಾಪ್‌ಟಾಪ್ ತೆಗೆದು ಎರಡು ಅಕ್ಷರ ಸೇರಿಸಿದೆ, 16 ಬಂತು. ಇನ್ನೊಂದು, ಪುಸ್ತಕದಲ್ಲಿ ಆಲ್ಫಾ ಡಿಬಿಯಲ್ಲಿರುತ್ತದೆ. ಸೂತ್ರಕ್ಕೆ ಹಾಕುವ ಮುಂಚೆ 4.343ರಿಂದ ಭಾಗಿಸಿ. ಡಿಸ್ಪರ್ಷನ್ 17 ಇದ್ದರೆ ಸೂತ್ರದಲ್ಲಿ ಅದರ ಜಾಗಕ್ಕೆ ಹಾಕುವ ಬೀಟಾ-2 ಸುಮಾರು ಮೈನಸ್ 21.7 ಬರಬೇಕು. ಮೈನಸ್ ಮರೆಯಬೇಡಿ.

ನನ್ನ ಲ್ಯಾಪ್‌ಟಾಪಿಗೆ ಇದ್ದದ್ದು 8 ಜಿಬಿ ಮೆಮೊರಿ. 12 ಸ್ಪ್ಯಾನ್ ಒಂದು ಸಲ ಓಡಿಸಲು ಒಂಬತ್ತು ಗಂಟೆ. ರಾತ್ರಿ ಊಟ ಮುಗಿಸಿ ಓಡಲು ಬಿಟ್ಟು ಮಲಗುವುದು, ಬೆಳಿಗ್ಗೆ ಎದ್ದು ನೋಡುವುದು. ನಡುರಾತ್ರಿ ಕರೆಂಟು ಹೋಗಿ, ಹಳೆಯ ಬ್ಯಾಟರಿ ಕೈಕೊಟ್ಟು, ಹತ್ತನೇ ಸ್ಪ್ಯಾನಿನಲ್ಲಿ ನಿಂತ ದಿನಗಳು ಎಷ್ಟೋ. ಒಂದೊಂದು ಸ್ಪ್ಯಾನ್ ಮುಗಿದಾಗಲೂ ಫಲಿತಾಂಶವನ್ನು ಫೈಲಿಗೆ ಬರೆಸಿ. ಕರೆಂಟು ಹೋದರೆ ಅಲ್ಲಿಂದಲೇ ಮುಂದುವರಿಸಬಹುದು. ನಾನಿದನ್ನು ಮಾಡಿದ್ದು ಮಾರ್ಚಿನಲ್ಲಿ, ಅಷ್ಟರಲ್ಲಿ ಹತ್ತಾರು ರಾತ್ರಿ ವ್ಯರ್ಥವಾಗಿದ್ದವು.

ರಿಸೀವರಿನ ಕಡೆ ಇನ್ನೂ ಕಷ್ಟ. ಕೊಹೆರೆಂಟ್ ರಿಸೀವರಿನಲ್ಲಿ ಬರುವ ಬೆಳಕನ್ನು ಅಲ್ಲೇ ಇರುವ ಇನ್ನೊಂದು ಲೇಸರಿನ ಜೊತೆ ಬೆರೆಸಿ, ಸಿಕ್ಕಿದ್ದನ್ನು ಅಂಕಿಗಳಾಗಿ ಮಾಡಿ, ಡಿಸ್ಪರ್ಷನ್, ಧ್ರುವೀಕರಣ, ಫೇಸ್ ಎಲ್ಲವನ್ನೂ ಲೆಕ್ಕದಲ್ಲೇ ಸರಿಪಡಿಸುತ್ತಾರೆ. 960 ಕಿಲೋಮೀಟರಿನ ಒಟ್ಟು ಡಿಸ್ಪರ್ಷನ್, ನ್ಯಾನೋಮೀಟರಿಗೆ 16,320 ಪಿಕೊಸೆಕೆಂಡ್, ಒಂದು ಫಿಲ್ಟರಿನಲ್ಲಿ ಮಾಯವಾದಾಗ ನನಗೆ ರೋಮಾಂಚನವಾಯಿತು. ಹಿಂದೆ ಇದಕ್ಕೆ ದಾರಿಯುದ್ದಕ್ಕೂ ಬೇರೆಯೇ ಜಾತಿಯ ಫೈಬರಿನ ಸುರುಳಿಗಳನ್ನು ಇಡುತ್ತಿದ್ದರು.

ಆದರೆ ಎರಡು ಧ್ರುವೀಕರಣಗಳನ್ನು ಬಿಡಿಸುವ ಜಾಗದಲ್ಲಿ ಸಿಕ್ಕಿಬಿದ್ದೆ. ಪರದೆಯ ಮೇಲೆ ಎಕ್ಸ್ ಕಡೆಯೂ ನಾಲ್ಕು ಚುಕ್ಕಿ, ವೈ ಕಡೆಯೂ ನಾಲ್ಕು ಚುಕ್ಕಿ, ಎರಡೂ ಮುತ್ತಿನಂತಿವೆ. ಲೆಕ್ಕ ಹಾಕಿದರೆ ಎಕ್ಸ್ ಸರಿ, ವೈ ಅರ್ಧಕ್ಕರ್ಧ ತಪ್ಪು. ಹನ್ನೊಂದು ದಿನ ಹುಡುಕಿದೆ. ಎರಡು ಔಟ್‌ಪುಟ್‌ಗಳನ್ನು ಒಂದರ ಪಕ್ಕ ಒಂದು ಪ್ರಿಂಟ್ ಹಾಕಿ ನೋಡಿದಾಗ ಗೊತ್ತಾಯಿತು: ಎರಡೂ ಒಂದೇ ಧ್ರುವೀಕರಣವನ್ನು ಹಿಡಿದು ಕೂತಿದ್ದವು. ವೈ ಕಡೆ ಕಳಿಸಿದ್ದನ್ನು ಯಾರೂ ಓದುತ್ತಲೇ ಇರಲಿಲ್ಲ. ಕಾನ್‌ಸ್ಟೆಂಟ್ ಮಾಡ್ಯುಲಸ್ ಎಂಬ, ಧ್ರುವೀಕರಣ ಬಿಡಿಸುವ ವಿಧಾನ ಬಳಸುವವರಿಗೆಲ್ಲ ಈ ಅಪಾಯ ಇದ್ದದ್ದೇ. ಮೊದಲು ಎಕ್ಸ್ ಒಂದನ್ನೇ ಪಳಗಿಸಿ, ಅದಕ್ಕೆ ಲಂಬವಾಗಿರುವಂತೆ ವೈ ಫಿಲ್ಟರನ್ನು ಆರಂಭಿಸಬೇಕು. ಚಿತ್ರ ಚೆನ್ನಾಗಿದೆ ಎಂದು ನಂಬಬೇಡಿ, ಕಳಿಸಿದ ಬಿಟ್‌ಗಳ ಜೊತೆ ಹೋಲಿಸಿಯೇ ನಂಬಿ.

ಅದು ಸರಿಹೋದ ಮೇಲೆ ಸೈಕಲ್ ಸ್ಲಿಪ್. ಮೊದಲ ನಲವತ್ತು ಸಾವಿರ ಸಿಂಬಲ್ ಸರಿಯಾಗಿ ಓದಿ, ಅಲ್ಲಿಂದಾಚೆ ಇದ್ದಕ್ಕಿದ್ದಂತೆ ಅರ್ಧ ಬಿಟ್‌ಗಳು ತಪ್ಪು. ನಾಲ್ಕು ಚುಕ್ಕಿಯ ಚೌಕವನ್ನು 90 ಡಿಗ್ರಿ ತಿರುಗಿಸಿದರೆ ಅದು ಮತ್ತೆ ಅದೇ ಚೌಕ. ಫೇಸ್ ಹುಡುಕುವ ಲೆಕ್ಕಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ. ಗದ್ದಲ ಹೆಚ್ಚಾದ ಒಂದು ಕ್ಷಣದಲ್ಲಿ ಕಾಲು ಸುತ್ತು ಜಾರಿ ಅಲ್ಲೇ ನಿಂತುಬಿಡುತ್ತದೆ. ಮಾಹಿತಿಯನ್ನು ಹಿಂದಿನ ಸಿಂಬಲ್ಲಿಗಿರುವ ವ್ಯತ್ಯಾಸದಲ್ಲಿ ಇಡುವ ಡಿಫರೆನ್ಷಿಯಲ್ ಕೋಡಿಂಗ್ ಹಾಕಿದರೆ ಈ ತೊಂದರೆ ನಿಲ್ಲುತ್ತದೆ, ಆದರೆ ತಪ್ಪಿನ ಪ್ರಮಾಣ ಹತ್ತಿರ ಹತ್ತಿರ ಎರಡು ಪಟ್ಟಾಗುತ್ತದೆ. ನಾನು ನಡುನಡುವೆ ಗೊತ್ತಿರುವ ಪೈಲಟ್ ಸಿಂಬಲ್‌ಗಳನ್ನು ಸೇರಿಸಿದೆ. 16-ಕ್ಯೂಎಎಂಗೆ ಇದೇ ಕೋಡ್ ನಡೆಯುವುದಿಲ್ಲ, ಅಲ್ಲಿ ಚುಕ್ಕಿಗಳು ಮೂರು ಬೇರೆ ಬೇರೆ ವೃತ್ತಗಳ ಮೇಲಿರುತ್ತವೆ. ಫೇಸನ್ನು ಒಂದೊಂದಾಗಿ ಪ್ರಯತ್ನಿಸಿ ಹುಡುಕುವ ಬ್ಲೈಂಡ್ ಫೇಸ್ ಸರ್ಚ್ ಬೇರೆಯಾಗಿ ಬರೆಯಲೇಬೇಕು.

ಯುಗಾದಿ ಕಳೆದ ವಾರ ಗೈಡ್ ಬೇರೆ ಕಾಲೇಜಿಗೆ ಹೊರಟುಹೋದರು. ನನಗೆ ತಿಳಿದದ್ದು ಬೀಳ್ಕೊಡುಗೆಯ ಫೋಟೋ ನೋಡಿ. ಹೊಸ ಗೈಡ್ ನೇಮಕವಾಗಲು ಒಂದೂವರೆ ತಿಂಗಳು, ಅವರು ವಿಷಯ ಅರ್ಥ ಮಾಡಿಕೊಳ್ಳಲು ಇನ್ನೊಂದು ತಿಂಗಳು. ಒಳ್ಳೆಯವರು, ಆದರೆ ಅವರ ಕ್ಷೇತ್ರ ಆಂಟೆನಾ. ಮೊದಲ ಭೇಟಿಗೆ ನಾನು ಇಡೀ ಕೆಲಸವನ್ನು ನಾಲ್ಕು ಪುಟದಲ್ಲಿ ಕೈಯಲ್ಲಿ ಬರೆದುಕೊಂಡು ಹೋದೆ. ಆ ನಾಲ್ಕು ಪುಟವೇ ಮುಂದೆ ಥೀಸಿಸ್ಸಿನ ಎರಡನೇ ಅಧ್ಯಾಯವಾಯಿತು. ಗೈಡ್ ಬದಲಾದರೆ ಹಳೆಯವರಿಂದ, ಇಷ್ಟು ಕೆಲಸ ಆಗಿದೆ ಎಂದು ದಿನಾಂಕ ಹಾಕಿ ಬರೆಸಿಕೊಳ್ಳಿ. ನನ್ನ ಹತ್ತಿರ ಅದು ಇರಲಿಲ್ಲ, ಹಾಗಾಗಿ ಒಂದು ರಿವ್ಯೂವನ್ನು ಎರಡನೇ ಸಲ ಕೊಡಬೇಕಾಯಿತು. ಆ ತಡದಿಂದ ಸೆಮಿಸ್ಟರ್ ದಾಟಿ ಮತ್ತೊಮ್ಮೆ ನೋಂದಣಿ ಶುಲ್ಕ ಕಟ್ಟಿದೆ, ಅಪ್ಪ ಕೊಬ್ಬರಿ ಮಾರಿದ ದುಡ್ಡಿನಲ್ಲಿ.

ಜೂನ್ ಕೊನೆಗೆ ಫಲಿತಾಂಶ ಕೈಗೆ ಬಂತು. ಫೈಬರಿನ ನಷ್ಟ ಕಿಲೋಮೀಟರಿಗೆ 0.2 ಡಿಬಿ, 80 ಕಿಲೋಮೀಟರಿಗೆ 16. ಕೊನೆಯಲ್ಲಿ ಸಿಗ್ನಲ್ ಗದ್ದಲಕ್ಕಿಂತ ಎಷ್ಟು ಡಿಬಿ ಮೇಲಿರುತ್ತದೆ ಎಂಬ ಕಾಗದದ ಮೇಲಿನ ಲೆಕ್ಕ ಸುಲಭ: 58 ಎಂಬ ಸ್ಥಿರಾಂಕಕ್ಕೆ ಲಾಂಚ್ ಪವರ್ (ಫೈಬರಿಗೆ ಬಿಡುವ ಬೆಳಕಿನ ಶಕ್ತಿ) ಕೂಡಿಸಿ, ಸ್ಪ್ಯಾನ್ ನಷ್ಟ, ಆಂಪ್ಲಿಫೈಯರಿನ ನಾಯ್ಸ್ ಫಿಗರ್ (ಅದು ಸೇರಿಸುವ ಗದ್ದಲದ ಅಳತೆ), ಸ್ಪ್ಯಾನ್‌ಗಳ ಸಂಖ್ಯೆಯ ಡಿಬಿ ಕಳೆಯುವುದು. 0 ಡಿಬಿಎಂ (ಒಂದು ಮಿಲಿವ್ಯಾಟ್) ಪವರ್, 5 ಡಿಬಿ ನಾಯ್ಸ್ ಫಿಗರ್, 12 ಸ್ಪ್ಯಾನ್‌ಗೆ 10.8. ಉತ್ತರ 26.2 ಡಿಬಿ. ಸಾವಿರಕ್ಕೆ 3.8 ಬಿಟ್‌ಗಿಂತ ಹೆಚ್ಚು ತಪ್ಪಬಾರದು ಎಂದು ನಾನಿಟ್ಟ ಮಿತಿಗೆ 16-ಕ್ಯೂಎಎಂ ಕೇಳುವುದು ಆದರ್ಶ ಸ್ಥಿತಿಯಲ್ಲಿ 18.7. ಏಳೂವರೆ ಡಿಬಿ ಕೈಯಲ್ಲಿದೆ, 200 ಗಿಗಾಬಿಟ್ ಆರಾಮಾಗಿ ಹೋಗುತ್ತದೆ ಎಂದು ಬರೆದು ಮುಗಿಸಿದೆ. ಮನೆಯಲ್ಲಿ ಪಾಯಸ ಮಾಡಿದರು.

ನನ್ನ ತಮ್ಮ ಐಟಿಐ ಓದಿ ಗುತ್ತಿಗೆದಾರರ ಹತ್ತಿರ ಫೈಬರ್ ಜಾಯಿಂಟ್ ಹಾಕುವ ಕೆಲಸ ಮಾಡುತ್ತಾನೆ. ಎಲ್ಲಿ ಜೆಸಿಬಿ ಕೇಬಲ್ ಕಿತ್ತರೂ ಇವನ ಫೋನು ಹೊಡೆದುಕೊಳ್ಳುತ್ತದೆ, ರಾತ್ರಿ ಒಂದು ಗಂಟೆಯಾದರೂ ಸರಿ. ಪಾಯಸ ತಿನ್ನುತ್ತಾ ನನ್ನ ಹಾಳೆ ತಿರುವಿ ನೋಡಿದವನು, “ಅಕ್ಕಾ, ನಿನ್ ಲೆಕ್ಕದಾಗೆ ಜಾಯಿಂಟೇ ಇಲ್ವಲ್ಲ?” ಅಂದ.

ಮರುದಿನ ಅವನ ಜೊತೆ ಹೆದ್ದಾರಿ ಬದಿಯ ಒಂದು ಗುಂಡಿಯ ಹತ್ತಿರ ಹೋದೆ. ಮಣ್ಣಿನಲ್ಲಿ ಮೊಣಕಾಲೂರಿ ಕೂತು ಕೇಬಲ್ಲಿನ ಕಪ್ಪು ಹೊದಿಕೆ ಸೀಳಿದ. ಒಳಗೆ ಜೆಲ್ಲಿ ತುಂಬಿದ ಕೊಳವೆಗಳು, ಅವುಗಳೊಳಗೆ ನೀಲಿ, ಕಿತ್ತಳೆ, ಹಸಿರು, ಕಂದು ಎಳೆಗಳು. ಒಂದು ಎಳೆ ಹಿಡಿದು ಬಣ್ಣದ ಲೇಪ ಸುಲಿದ. ಉಳಿದದ್ದು ಕೂದಲಿನಷ್ಟು ಗಾಜು, 125 ಮೈಕ್ರಾನ್. ಆಲ್ಕೋಹಾಲ್ ಹಾಕಿದ ಬಟ್ಟೆಯಲ್ಲಿ ಒರೆಸಿದಾಗ ಕೀಚ್ ಎಂದು ಸದ್ದು ಬರಬೇಕು, ಬಂದರೆ ಶುದ್ಧವಾಯಿತು ಎಂದರ್ಥ. ಕ್ಲೀವರಿನಲ್ಲಿಟ್ಟು ತುದಿ ಕತ್ತರಿಸಿ, ತುಂಡಾದ ಚೂರನ್ನು ನೆಲಕ್ಕೆ ಬಿಡದೆ ಒಂದು ಪ್ಲಾಸ್ಟಿಕ್ ಬಾಟಲಿಯೊಳಗೆ ಹಾಕಿದ. ಅದು ಚರ್ಮಕ್ಕೆ ಹೊಕ್ಕರೆ ಕಣ್ಣಿಗೆ ಕಾಣುವುದಿಲ್ಲ. ಸ್ಪ್ಲೈಸಿಂಗ್ ಮಷೀನಿನ ಪುಟ್ಟ ಪರದೆಯಲ್ಲಿ ಎರಡು ತುದಿಗಳು ಎದುರುಬದುರಾಗಿ ಬಂದು ನಿಂತವು, ಒಂದು ಕಿಡಿ, ಒಂದಾದವು. ಪರದೆಯಲ್ಲಿ 0.02 ಡಿಬಿ. “ಇದು ಮಷೀನಿನ ಅಂದಾಜು ಅಷ್ಟೇ. ಒಟಿಡಿಆರ್ ಎರಡೂ ಕಡೆಯಿಂದ ಹಾಕಿ ಸರಾಸರಿ ತೆಗೆದ್ರೆ 0.05 ಅಂತ ಇಟ್ಕೋ” ಅಂದ. ಒಟಿಡಿಆರ್ ಎಂದರೆ ಫೈಬರಿನೊಳಗೆ ಬೆಳಕು ಬಿಟ್ಟು, ಮರಳಿ ಬಂದದ್ದರಿಂದ ನಷ್ಟ ಅಳೆಯುವ ಯಂತ್ರ.

ಅಲ್ಲೇ ಕಲ್ಲಿನ ಮೇಲೆ ಕೂತು ಲೆಕ್ಕ ಹಾಕಿದೆವು. ಅವನು ಎಳೆಯುವ ಡ್ರಮ್ಮಿನಲ್ಲಿ ಎರಡು ಕಿಲೋಮೀಟರ್ ಕೇಬಲ್ ಇರುತ್ತದೆ. 80 ಕಿಲೋಮೀಟರಿಗೆ ನಲವತ್ತರಷ್ಟು ಜಾಯಿಂಟ್, 2 ಡಿಬಿ. ಎರಡು ತುದಿಯ ಕನೆಕ್ಟರ್‌ಗಳಿಗೆ 1. ರಸ್ತೆ ಅಗಲ ಮಾಡುವಾಗ, ಪೈಪ್ ಹಾಕುವಾಗ ಕಡಿದ ಪ್ರತಿ ಜಾಗದಲ್ಲೂ ಹೊಸ ತುಂಡು ಸೇರಿಸಬೇಕು, ಅಂದರೆ ಒಂದು ಕಡಿತಕ್ಕೆ ಎರಡು ಜಾಯಿಂಟ್. ಐದು ಕಡಿತಕ್ಕೆ ಇನ್ನರ್ಧ ಡಿಬಿ. ಹತ್ತೊಂಬತ್ತೂವರೆ ಆಯಿತು. “ಹಳೇ ಕೇಬಲ್, 20 ಹಾಕು” ಅಂದ ತಮ್ಮ.

20 ಹಾಕಿದೆ. 26.2 ಇದ್ದದ್ದು 22.2ಕ್ಕೆ ಇಳಿಯಿತು. ಅಷ್ಟಕ್ಕೇ ಮುಗಿಯಲಿಲ್ಲ. ಅದು ಆಂಪ್ಲಿಫೈಯರಿನ ಗದ್ದಲ ಮಾತ್ರ ಲೆಕ್ಕಕ್ಕೆ ಹಿಡಿದ ಸಂಖ್ಯೆ. ಬೆಳಕಿನ ತೀವ್ರತೆಯೇ ಗಾಜಿನ ಗುಣವನ್ನು ಬದಲಿಸುವ ಕೆರ್ ಪರಿಣಾಮದಿಂದ ಇನ್ನೊಂದು ಗದ್ದಲ ಹುಟ್ಟುತ್ತದೆ. ಪವರ್ ಏರಿಸಿದರೆ ಮೊದಲನೆಯದನ್ನು ಗೆಲ್ಲಬಹುದು, ಎರಡನೆಯದು ಪವರಿನ ಘನದಷ್ಟು ಏರುತ್ತದೆ. ಹಾಗಾಗಿ ಗ್ರಾಫು ಗುಡ್ಡದ ಹಾಗೆ ಏರಿ ಇಳಿಯುತ್ತದೆ. ಗುಡ್ಡದ ನೆತ್ತಿಯಲ್ಲಿ ನಾನ್‌ಲೀನಿಯರ್ ಗದ್ದಲ ಆಂಪ್ಲಿಫೈಯರ್ ಗದ್ದಲದ ಅರ್ಧದಷ್ಟಿರುತ್ತದೆ, ಅಲ್ಲಿಗೆ ಸುಮಾರು 1.8 ಡಿಬಿ ಹೋಗುತ್ತದೆ. ನಿಜವಾದ ಉಪಕರಣದ ಕೊರತೆಗೆಂದು ನಾನಿಟ್ಟಿದ್ದ 2 ಡಿಬಿ ಬೇರೆ. 22.2ರಲ್ಲಿ ಇವೆರಡನ್ನು ಕಳೆದರೆ ಉಳಿಯುವುದು 18.4; ಬೇಕಾಗಿದ್ದದ್ದು 18.7. 20 ಡಿಬಿಗೆ ತಕ್ಕಂತೆ ಪವರನ್ನು ಒಂದಿಷ್ಟು ಏರಿಸಿ ನೋಡಿದರೆ ಗೆರೆಯ ಅಂಚಿಗೆ ಬಂದು ನಿಲ್ಲುತ್ತಿತ್ತು. ನಾಳೆ ಇನ್ನೊಂದು ಜೆಸಿಬಿ ಬಂದರೆ ತಡೆಯಲು ಏನೂ ಉಳಿದಿರುವುದಿಲ್ಲ. ಅಂಥದ್ದನ್ನು ನಿಲ್ಲುತ್ತದೆ ಎಂದು ಬರೆಯಲು ನನಗೆ ಮನಸ್ಸಾಗಲಿಲ್ಲ. ಕ್ಯೂಪಿಎಸ್‌ಕೆ ಅದೇ ದಾರಿಯಲ್ಲಿ ಆರಕ್ಕೂ ಮೀರಿ ಡಿಬಿ ಉಳಿಸಿಕೊಂಡು ತಲುಪಿತು. ತಪ್ಪು ತಿದ್ದಲು, ಬಿಟ್ 0 ಅಥವಾ 1 ಎನ್ನುವುದರ ಜೊತೆ ಅದು ಎಷ್ಟು ಖಚಿತ ಎಂದೂ ನೋಡುವ ಸಾಫ್ಟ್ ಡಿಸಿಷನ್ ಬಳಸಿದರೆ 16-ಕ್ಯೂಎಎಂಗೆ ಉಸಿರು ಸಿಗುತ್ತದೆ, ಅದನ್ನೂ ಒಂದು ಟೇಬಲಿನಲ್ಲಿ ತೋರಿಸಿದೆ.

ಇಡೀ ನಾಲ್ಕನೇ ಅಧ್ಯಾಯ ತಿರುಗಿ ಬರೆದೆ. ಒಂದು ಸಮ್ಮೇಳನಕ್ಕೆ ಕಳಿಸಿದ್ದ ಲೇಖನವನ್ನು ವಾಪಸು ಪಡೆದು ತಿದ್ದಿ ಮತ್ತೆ ಕಳಿಸಿದೆ. ನಡುವೆ, ಮೂರು ದಿನದಲ್ಲಿ ಪ್ರಕಟಿಸುತ್ತೇವೆ, 4,500 ಕಳಿಸಿ ಎಂದು ಒಂದು ಪತ್ರಿಕೆಯಿಂದ ಮೇಲ್ ಬಂತು. ಓದದೆಯೇ ಪ್ರಕಟಿಸುವವರಿಗೆ ದುಡ್ಡು ಕೊಡಬೇಡಿ. ಅಂಥ ಕಡೆ ಬಂದ ಲೇಖನವನ್ನು ವೈವಾದಲ್ಲಿ ಯಾರೂ ಲೆಕ್ಕಕ್ಕಿಡುವುದಿಲ್ಲ.

ಕೃತಿಚೌರ್ಯ ತಪಾಸಣೆಯಲ್ಲಿ 31 ಶೇಕಡಾ ಬಂದಾಗ ಎದೆ ಧಸಕ್ಕೆಂದಿತು. ಒಂದು ಸಾಲೂ ಕದ್ದಿರಲಿಲ್ಲ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮದಂತೆ 10 ಶೇಕಡಾವರೆಗೆ ತೊಂದರೆಯಿಲ್ಲ. 10ರಿಂದ 40ರೊಳಗಿದ್ದರೆ ಗರಿಷ್ಠ ಆರು ತಿಂಗಳೊಳಗೆ ತಿದ್ದಿ ಮತ್ತೆ ಕೊಡಬೇಕು. ವರದಿ ತೆರೆದು ನೋಡಿದರೆ ಅದು ಗ್ರಂಥಋಣ, ಪರಿವಿಡಿ, ಕಾಲೇಜಿನ ಪ್ರಮಾಣಪತ್ರದ ಪುಟ, ಪ್ರಮಾಣಿತ ಸೂತ್ರಗಳು ಎಲ್ಲವನ್ನೂ ಎಣಿಸಿತ್ತು. ಇವುಗಳಲ್ಲಿ ಹೆಚ್ಚಿನವನ್ನು ಹೊರಗಿಡಬೇಕೆಂದು ಅದೇ ನಿಯಮದಲ್ಲಿದೆ. ಲೈಬ್ರರಿಯವರಿಗೆ ನಿಯಮದ ಪ್ರತಿ ತೋರಿಸಿ, ಸೆಟ್ಟಿಂಗ್ ಬದಲಿಸಿ ಮತ್ತೆ ಹಾಕಿಸಿದಾಗ 14. ಮಿತಿ ಮೀರಿಸಿದ್ದು ನಾನು ಓದಿದ್ದನ್ನೇ ಓದಿದ ಹಾಗೆ ಬರೆದ ಜಾಗಗಳು. ಅವನ್ನು ಪುಸ್ತಕ ಮುಚ್ಚಿ ನನ್ನ ಮಾತಿನಲ್ಲಿ ಬರೆದೆ. ಅಂತಿಮ ವರದಿ 8.

ಥೀಸಿಸ್ ಸಲ್ಲಿಸಿ ಹೊರಗಿನ ಪರೀಕ್ಷಕರು ಗೊತ್ತಾಗಲು ಒಂಬತ್ತು ವಾರ ಕಾದೆ. ದಿನಾಂಕ ತಿಳಿದದ್ದು ಎರಡೇ ದಿನ ಮುಂಚೆ.

ಪರೀಕ್ಷಕರು ಸ್ಲೈಡುಗಳನ್ನು ಬೇಗ ಬೇಗ ದಾಟಿಸಿ ಐದನೆಯದರಲ್ಲಿ ನಿಲ್ಲಿಸಿದರು. “ಎಲ್ಲರೂ 16 ಡಿಬಿ ಇಡ್ತಾರೆ. ಈ 20 ಎಲ್ಲಿಂದ ಬಂತು?” ಜಾಯಿಂಟು, ಡ್ರಮ್ಮು, ಕನೆಕ್ಟರು, ಕಡಿತ ಒಂದೊಂದಾಗಿ ಹೇಳಿದೆ. ಗುಂಡಿಯ ಪಕ್ಕ ಕೂತು ಬರೆದ ಹಾಳೆಯನ್ನೇ ತೆಗೆದು ಕೊಟ್ಟೆ, ಮಣ್ಣಿನ ಕಲೆ ಇನ್ನೂ ಇತ್ತು. ಅವರು ಕನ್ನಡಕ ಸರಿಮಾಡಿಕೊಂಡು ಪೂರ್ತಿ ಓದಿದರು. ಆಮೇಲೆ, ಕೊಹೆರೆಂಟ್ ವಿಧಾನ 1980ರ ದಶಕದಲ್ಲೇ ಲ್ಯಾಬುಗಳಲ್ಲಿತ್ತಲ್ಲ, ಯಾಕೆ ಬಿಟ್ಟರು ಎಂದರು. 1987ರಲ್ಲಿ, ಬೆಳಕನ್ನು ಬೆಳಕಾಗಿಯೇ ಹಿಗ್ಗಿಸುವ ಎರ್ಬಿಯಂ ಫೈಬರ್ ಆಂಪ್ಲಿಫೈಯರ್ ಬಂತು, ಸೂಕ್ಷ್ಮ ರಿಸೀವರಿನ ತುರ್ತು ಇಲ್ಲವಾಯಿತು. ಸಿಗ್ನಲನ್ನು ಅಂಕಿಗಳಲ್ಲಿ ಸಂಸ್ಕರಿಸುವಷ್ಟು ವೇಗದ ಚಿಪ್‌ಗಳು ಬಂದ ಮೇಲೆ, 2000ದ ದಶಕದ ನಡುವಿನಿಂದ, ಅದು ಮರಳಿತು ಎಂದೆ. ತಲೆಯಾಡಿಸಿದರು. ಕೊನೆಯ ಪ್ರಶ್ನೆ: “100ಕ್ಕೂ 200ಕ್ಕೂ ನಡುವೆ ಏನೂ ಇಲ್ವಾ?” ಪ್ರೋಬಬಿಲಿಸ್ಟಿಕ್ ಶೇಪಿಂಗ್ ಬಗ್ಗೆ ಹೇಳಿದೆ, ಹೊರಗಿನ ಚುಕ್ಕಿಗಳನ್ನು ಕಡಿಮೆ ಬಳಸಿ ವೇಗವನ್ನು ದಾರಿಗೆ ತಕ್ಕಂತೆ ಹೊಂದಿಸುವುದು, ಅದರಿಂದ ಹೆಚ್ಚೆಂದರೆ 1.53 ಡಿಬಿ ಲಾಭ. ಅದನ್ನು ಎರಡು ಪುಟದಲ್ಲಿ ಸೇರಿಸಿ ಕೊಡು ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿದರು.

ಖರ್ಚು ಹೇಳಿಬಿಡುತ್ತೇನೆ, ಎಲ್ಲರೂ ಕೇಳುತ್ತಾರೆ. ಮತ್ತೊಮ್ಮೆ ನೋಂದಣಿಗೆ 11,500, ಸಮ್ಮೇಳನಕ್ಕೆ 6,000, ಹೆಚ್ಚುವರಿ ಮೆಮೊರಿಗೆ 1,900, ಪ್ರಿಂಟು ಬೈಂಡಿಂಗಿಗೆ 2,900. ಬಸ್ಸಿನ ಲೆಕ್ಕ ಇಟ್ಟಿಲ್ಲ. ಬೈಂಡಿಂಗನ್ನು ವೈವಾಗೆ ಮುಂಚೆ ಗಟ್ಟಿ ರಟ್ಟಿನಲ್ಲಿ ಮಾಡಿಸಬೇಡಿ, ತಿದ್ದುಪಡಿ ಬಂದೇ ಬರುತ್ತದೆ. ನಾನು ಮೂರು ಪ್ರತಿ ಬಿಚ್ಚಿಸಿ ಮತ್ತೆ ಹಾಕಿಸುತ್ತಿದ್ದೇನೆ. ನೋ ಡ್ಯೂ ಫಾರ್ಮಿಗೆ ಏಳು ಸಹಿ ಬೇಕು, ಆರು ಆಗಿದೆ. ಸೋಮವಾರ ಲೈಬ್ರರಿಯದು. ತಮ್ಮ ಅವತ್ತು ತುಮಕೂರಿನಲ್ಲೇ ಕೆಲಸದಲ್ಲಿರುತ್ತಾನಂತೆ, ಬೈಂಡ್ ಆದ ಒಂದು ಪ್ರತಿ ಅವನಿಗೆ ಕೊಡುತ್ತೇನೆ.